ಹಿತ್ತಲಲ್ಲೊಂದು ವೀಕ್ಷಣಾಲಯ: ಮೊದಲು ಕಂಬ, ಗೋಡೆ ಆಮೇಲೆ

ಟೆಲಿಸ್ಕೋಪ್ ಕೊಂಡವರು ಮೊದಮೊದಲು ದಿನಾ ರಾತ್ರಿ ಹೊರಗಿರುತ್ತಾರೆ. ಆಮೇಲೆ ವಾರಕ್ಕೊಮ್ಮೆ, ಅದಾದ ಮೇಲೆ ಗ್ರಹಣ ಬಂದಾಗ ಮಾತ್ರ. ಆಸಕ್ತಿ ಕಮ್ಮಿಯಾಗಿ ಹೀಗಾಗುವುದಿಲ್ಲ. ಟ್ರೈಪಾಡ್ ಹೊತ್ತು ತರಬೇಕು, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಕೂರಿಸಬೇಕು, ತೂಕ ಸರಿದೂಗಿಸಬೇಕು, ಮೌಂಟಿನ ಅಕ್ಷವನ್ನು ಧ್ರುವಕ್ಕೆ (ಆಕಾಶವೆಲ್ಲ ಯಾವ ಬಿಂದುವಿನ ಸುತ್ತ ತಿರುಗುವ ಹಾಗೆ ಕಾಣುತ್ತದೋ ಅದಕ್ಕೆ) ಹೊಂದಿಸಬೇಕು, ವೈರು ಜೋಡಿಸಬೇಕು, ಇಷ್ಟೆಲ್ಲ ಮುಗಿಸಿ ತಲೆ ಎತ್ತುವ ಹೊತ್ತಿಗೆ ಮೋಡ ಬಂದಿರುತ್ತದೆ. ವೀಕ್ಷಣಾಲಯ ಬೇಕಾಗುವುದು ಇದಕ್ಕೇ. ಟೆಲಿಸ್ಕೋಪ್ ತನ್ನ ಜಾಗದಲ್ಲಿ ಸದಾ ಹೊಂದಿಕೊಂಡೇ ಇರುತ್ತದೆ. ಚಾವಣಿ ತಳ್ಳಿ ಮುಚ್ಚಳ ತೆಗೆದರೆ ಹತ್ತು ನಿಮಿಷದಲ್ಲಿ ಶನಿಯ ಬಳೆ ಕಣ್ಣೆದುರು.

ಕಟ್ಟುವ ಮುಂಚೆ ಒಂದು ಮಾತು. ಮನೆ ಕಟ್ಟುವ ಬುದ್ಧಿಯನ್ನು ಪಕ್ಕಕ್ಕಿಡಿ. ಮನೆಗೆ ದಪ್ಪ ಗೋಡೆ ಒಳ್ಳೆಯದು, ಇಲ್ಲಿ ತೆಳ್ಳಗಿದ್ದಷ್ಟೂ ಒಳ್ಳೆಯದು. ಮನೆಯಲ್ಲಿ ಎಲ್ಲವನ್ನೂ ಒಂದಕ್ಕೊಂದು ಬಿಗಿಯಾಗಿ ಸೇರಿಸುತ್ತೇವೆ, ಇಲ್ಲಿ ಮುಖ್ಯವಾದದ್ದನ್ನು ಬೇರೆ ಇಡಬೇಕು. ಮನೆಯನ್ನು ನಿವೇಶನದ ಅಳತೆ ನೋಡಿ ಕಟ್ಟುತ್ತೇವೆ, ಇದನ್ನು ಟೆಲಿಸ್ಕೋಪಿನಿಂದ ಶುರುಮಾಡಿ ಹೊರಕ್ಕೆ ಹೋಗುತ್ತಾ ಕಟ್ಟಬೇಕು: ಮೊದಲು ಟೆಲಿಸ್ಕೋಪ್ ಮತ್ತು ಮೌಂಟ್, ಅದನ್ನು ಹೊರುವ ಕಂಬ, ಆಮೇಲೆ ನೆಲ, ಗೋಡೆ, ಕೊನೆಗೆ ಚಾವಣಿ. ದುಡ್ಡು ಕಮ್ಮಿ ಇದ್ದರೆ ಕಂಬ ಮಾತ್ರ ಹಾಕಿ, ಒಳ್ಳೆಯ ಹೊದಿಕೆ ಮುಚ್ಚಿ ಅಲ್ಲಿಗೇ ನಿಲ್ಲಿಸಬಹುದು. ಅರ್ಧ ಕೆಲಸ ಆದ ಹಾಗೇ ಲೆಕ್ಕ.

ಜಾಗ ಹುಡುಕುವುದು

ಕಂಬ ಒಮ್ಮೆ ಹೂತರೆ ಕೀಳುವುದು ಕಷ್ಟ, ಹಾಗಾಗಿ ಅವಸರ ಬೇಡ. ಹಿತ್ತಲಿನಲ್ಲಿ ಎರಡು ಮೂರು ಜಾಗ ಗುರುತು ಮಾಡಿಕೊಂಡು ಕೆಲವು ತಿಂಗಳು ಟ್ರೈಪಾಡ್ ಇಟ್ಟೇ ನೋಡಿ. ಎಲ್ಲಿ ಮರ ಅಡ್ಡ, ಯಾವ ಬೀದಿದೀಪ ಕಣ್ಣಿಗೆ ಹೊಡೆಯುತ್ತದೆ, ಪಕ್ಕದ ಮನೆಯ ಯಾವ ಕಿಟಕಿಯಲ್ಲಿ ರಾತ್ರಿ ಹನ್ನೊಂದರವರೆಗೂ ಲೈಟು, ಎಲ್ಲವೂ ಆಗ ಗೊತ್ತಾಗುತ್ತದೆ. ದಿಗಂತದವರೆಗೂ ಬಯಲೇ ಬೇಕು ಅಂತ ಕೊರಗಬೇಡಿ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ದಾಟುವ ಗಾಳಿಯ ಎರಡರಷ್ಟನ್ನು 30 ಡಿಗ್ರಿ ಎತ್ತರದ ನಕ್ಷತ್ರದ ಬೆಳಕು ದಾಟಿ ಬರುತ್ತದೆ. 10 ಡಿಗ್ರಿಗೆ ಇಳಿದರೆ ಸುಮಾರು ಐದೂವರೆ ಪಟ್ಟು. ಅಷ್ಟು ಕೆಳಗಿನದು ಹೇಗೂ ಕಲಸಿಹೋದಂತೆ ಕಾಣುತ್ತದೆ. ಸುತ್ತ 20 ಡಿಗ್ರಿಯಷ್ಟು ಮುಚ್ಚಿಹೋದರೂ ನಷ್ಟ ಅಷ್ಟೇನಿಲ್ಲ. ಆದರೆ ನಿಮ್ಮ ಜಾಗದಿಂದ ಗ್ರಹಗಳು ಸಾಗುವ ದಾರಿ, ಧ್ರುವ ನಕ್ಷತ್ರದ ಕಡೆ, ಇವೆರಡು ಮಾತ್ರ ತೆರೆದಿರಲಿ.

ಬಿಸಿಲಿಗೆ ಕಾದ ಸಿಮೆಂಟ್ ಅಂಗಳ, ಡಾಂಬರು, ತಗಡಿನ ಚಾವಣಿ, ಎಸಿಯ ಹೊರಗಿನ ಪೆಟ್ಟಿಗೆ, ಇವು ಸಂಜೆಯ ಮೇಲೂ ಶಾಖ ಬಿಡುತ್ತಲೇ ಇರುತ್ತವೆ. ಅವುಗಳ ಮೇಲಿಂದ ನೋಡಿದರೆ ಚಂದ್ರನ ಅಂಚು ಕುದಿಯುತ್ತಿರುವ ಹಾಗೆ ಕಾಣುತ್ತದೆ. ಹುಲ್ಲಿನ ನೆಲ ಇದ್ದರೆ ಅದೇ ಸರಿ. ಮನೆಯ ತಾರಸಿ ಮೇಲೆ ಮಾಡುತ್ತೇನೆ ಅನ್ನುವವರಿಗೆ ಈ ಶಾಖದ ಜೊತೆಗೆ ನಡುಕದ ಕಾಟವೂ ಇದೆ. ಕೆಳಗೆ ಯಾರೋ ಬಾಗಿಲು ದಬ್ಬಿದರೆ ಮೇಲೆ ಗುರುಗ್ರಹ ಕುಣಿಯುತ್ತದೆ. ಬೇರೆ ಜಾಗವೇ ಇಲ್ಲ ಅಂದರೆ ಕಂಬವನ್ನು ತಾರಸಿಯ ನಡುವೆ ಇಡದೆ ಕೆಳಗಿನ ಪಿಲ್ಲರ್ ಇರುವ ಕಡೆಯೇ ಇಡಿ, ನೀರು ಸೋರದ ಪದರಕ್ಕೆ ತೂತು ಬೀಳದ ಹಾಗೆ ನೋಡಿಕೊಳ್ಳಿ.

ಕಟ್ಟಡದ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ. ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿಡಿ. ರಾತ್ರಿ ಹೊತ್ತು ಬೇಲಿ ಪಕ್ಕ ನಿಂತು ಟೆಲಿಸ್ಕೋಪ್ ತಿರುಗಿಸುವವರ ಬಗ್ಗೆ ಜನಕ್ಕೆ ಏನೇನೋ ಅನುಮಾನ ಬರುತ್ತದೆ, ಅಲ್ವಾ?

ಕಂಬ

ಇಡೀ ಕೆಲಸದಲ್ಲಿ ಜಿಪುಣತನ ಮಾಡಬಾರದ ಜಾಗ ಇದೊಂದೇ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ಆರ್ಕ್‌ಸೆಕೆಂಡ್ ಅನ್ನುತ್ತಾರೆ. ಗುರುಗ್ರಹ ನಮಗೆ ಕಾಣುವ ಅಗಲವೇ 30ರಿಂದ 50 ಆರ್ಕ್‌ಸೆಕೆಂಡ್. ಒಂದು ಮೀಟರ್ ಎತ್ತರದ ಕಂಬದ ತುದಿ ಬರೀ 5 ಮೈಕ್ರಾನ್ ವಾಲಿದರೆ ಸಾಕು, ಒಂದು ಆರ್ಕ್‌ಸೆಕೆಂಡ್ ತಪ್ಪುತ್ತದೆ. ತಲೆಗೂದಲಿನ ದಪ್ಪ ಇದರ ಹತ್ತು ಪಟ್ಟಿಗಿಂತಲೂ ಜಾಸ್ತಿ. ಕೈಯಲ್ಲಿ ಅಲ್ಲಾಡಿಸಿ ನೋಡಿ ಗಟ್ಟಿ ಇದೆ ಅಂದುಕೊಳ್ಳುವುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕಂಬದ ಅಗಲ ಎರಡರಷ್ಟಾದರೆ ಗಟ್ಟಿತನ ಹದಿನಾರು ಪಟ್ಟು ಏರುತ್ತದೆ. ಎತ್ತರ ಎರಡರಷ್ಟಾದರೆ ಬಾಗುವುದು ಎಂಟು ಪಟ್ಟು ಹೆಚ್ಚುತ್ತದೆ. ಹಾಗಾಗಿ ಕಂಬ ದಪ್ಪ ಇರಲಿ, ಗಿಡ್ಡ ಇರಲಿ. ಒಂದು ಅಡಿ ಅಗಲದ ಕಾಂಕ್ರೀಟ್ ಕಂಬ, ಇಲ್ಲವೇ ಎಂಟು ಹತ್ತು ಇಂಚಿನ ದಪ್ಪ ಉಕ್ಕಿನ ಪೈಪು, ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಪೈಪು ಹಾಕಿದರೆ ಒಳಗೆ ಒಣ ಮರಳು ತುಂಬಿಸಿ, ತಟ್ಟಿದಾಗ ಬರುವ ಗುಂಯ್ ಅನ್ನುವ ಕಂಪನ ಬೇಗ ಅಡಗುತ್ತದೆ. ಎತ್ತರ ಎಷ್ಟು ಅಂತ ಊಹಿಸಬೇಡಿ. ಟ್ರೈಪಾಡ್ ಮೇಲೆ ಟೆಲಿಸ್ಕೋಪ್ ಕೂರಿಸಿ, ನೀವು ಕೂತು ನೋಡುವ ಕುರ್ಚಿ ಹಾಕಿ, ನೆತ್ತಿಯ ಕಡೆಗೂ ದಿಗಂತದ ಕಡೆಗೂ ತಿರುಗಿಸಿ ನೋಡಿ ಅಳತೆ ತೆಗೆದುಕೊಳ್ಳಿ.

ಬುನಾದಿಗೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ಮಧ್ಯಮ ಗಾತ್ರದ ಟೆಲಿಸ್ಕೋಪಿಗೆ ಸಾಕು. ಸಡಿಲ ಮಣ್ಣಾದರೆ ಇನ್ನೂ ಆಳಕ್ಕೆ ಹೋಗಿ. ಚಳಿಗೆ ನೆಲ ಹೆಪ್ಪುಗಟ್ಟುವ ಕಡೆ ಆ ಹೆಪ್ಪಿನ ಮಟ್ಟಕ್ಕಿಂತ ಕೆಳಗೆ ಹೋಗಲೇಬೇಕು. ಬುನಾದಿಯಿಂದ ಕಂಬದವರೆಗೂ ಕಂಬಿ ಒಂದೇ ಸಮ ಸಾಗಿರಲಿ. ಮೇಲ್ಗಡೆ ಮೌಂಟ್ ಕೂರುವ ತಟ್ಟೆಗೆ ಬೋಲ್ಟುಗಳನ್ನು ಕಾಂಕ್ರೀಟ್ ಹಸಿ ಇರುವಾಗಲೇ ಇಳಿಸಬೇಕು. ಪ್ಲೈವುಡ್ಡಿನಲ್ಲಿ ಅದೇ ಅಳತೆಗೆ ತೂತು ಕೊರೆದು, ಬೋಲ್ಟು ಅದರಲ್ಲಿ ಸಿಗಿಸಿ ಇಳಿಸಿದರೆ ಅತ್ತಿತ್ತ ಸರಿಯುವುದಿಲ್ಲ. ಆಮೇಲೆ ತೇವ ಆರದ ಹಾಗೆ ಕ್ಯೂರಿಂಗ್ ಮಾಡಿ. ಕಾಂಕ್ರೀಟಿಗೆ ಪೂರ್ತಿ ಬಲ ಬರಲು 28 ದಿನ ಅನ್ನುವುದು ವಾಡಿಕೆಯ ಲೆಕ್ಕ. ಅಲ್ಲಿವರೆಗೆ ಮೌಂಟ್ ಏರಿಸುವ ಆಸೆ ತಡೆದುಕೊಳ್ಳಿ.

ಈಗ ಮೇಸ್ತ್ರಿಯ ಜೊತೆ ಜಗಳ ಬರುವ ಜಾಗ. ಕಂಬದ ಸುತ್ತ ನೆಲ ಹಾಕುವಾಗ ಅವರು ಅಭ್ಯಾಸಬಲದಿಂದ ಎರಡನ್ನೂ ಸೇರಿಸಿ ಗಾರೆ ಬಳಿದುಬಿಡುತ್ತಾರೆ, ಅವರ ಪ್ರಕಾರ ಅದೇ ನೀಟು. ನೀವು ಪಕ್ಕದಲ್ಲೇ ನಿಂತಿರಿ. ಕಂಬಕ್ಕೂ ನೆಲಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಇರಬೇಕು. ಸುತ್ತ ಒಂದರಿಂದ ಎರಡು ಇಂಚು ಖಾಲಿ ಜಾಗ ಬಿಟ್ಟು, ಕಸ ಬೀಳದ ಹಾಗೆ ಮೆತ್ತನೆ ಫೋಮ್ ತುರುಕಿ, ಅಷ್ಟೇ. ಸೇರಿಸಿದರೆ ನೀವು ಇಟ್ಟ ಒಂದೊಂದು ಹೆಜ್ಜೆಯೂ ಫೋಟೋದಲ್ಲಿ ನಕ್ಷತ್ರದ ಬಾಲವಾಗಿ ಮೂಡುತ್ತದೆ. ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿ. ಜಾಸ್ತಿ ಪವರಿನ ಐಪೀಸ್ (ಕಣ್ಣಿಡುವ ಕಡೆಯ ಲೆನ್ಸು) ಹಾಕಿ ಒಂದು ನಕ್ಷತ್ರ ಹಿಡಿದುಕೊಂಡು, ಇನ್ನೊಬ್ಬರಿಗೆ ನೆಲದ ಮೇಲೆ ಕುಪ್ಪಳಿಸಲು ಹೇಳಿ. ನಕ್ಷತ್ರ ಅಲ್ಲಾಡಬಾರದು. ಆಮೇಲೆ ಕಂಬವನ್ನೇ ಅಂಗೈಯಿಂದ ತಟ್ಟಿ. ಚುಕ್ಕಿ ನಡುಗಿ, ಒಂದೆರಡು ಸೆಕೆಂಡಿನಲ್ಲಿ ಸುಮ್ಮನಾದರೆ ಕಂಬ ಪಾಸು.

ಉತ್ತರ ಎಲ್ಲಿದೆ

ಬೋಲ್ಟು ಇಳಿಸುವ ಮೊದಲೇ ನಿಜವಾದ ಉತ್ತರ ದಿಕ್ಕು ಗೊತ್ತಿರಬೇಕು. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರ, ಅದು ಜಾಗದಿಂದ ಜಾಗಕ್ಕೆ ಬೇರೆ. ಹತ್ತಿರದಲ್ಲಿ ಕಂಬಿ ಇದ್ದರಂತೂ ಮುಳ್ಳು ಅದರ ಕಡೆಗೇ ವಾಲುತ್ತದೆ. ಸುಲಭದ ದಾರಿ ಸೂರ್ಯ. ನಿಮ್ಮ ಜಾಗದ ಸೂರ್ಯೋದಯ, ಸೂರ್ಯಾಸ್ತದ ಸಮಯ ತೆಗೆದುಕೊಳ್ಳಿ, ಎರಡರ ನಟ್ಟನಡುವಿನ ಗಳಿಗೆ ಲೆಕ್ಕ ಹಾಕಿ. ಆ ನಿಮಿಷಕ್ಕೆ ತೂಗುಗುಂಡಿನ ದಾರದ ನೆರಳು ನೇರವಾಗಿ ಉತ್ತರ ದಕ್ಷಿಣ ಬಿದ್ದಿರುತ್ತದೆ. ಅದರ ಮೇಲೆ ಗೆರೆ ಎಳೆಯಿರಿ. ಸೂರ್ಯ ನೆತ್ತಿಗೆ ಬರುವ ದಿನಗಳಲ್ಲಿ ನೆರಳೇ ಇರುವುದಿಲ್ಲ, ಬೇರೆ ತಿಂಗಳು ಮಾಡಿ.

ಧ್ರುವ ನಿಮ್ಮ ಅಕ್ಷಾಂಶ ಎಷ್ಟೋ ಅಷ್ಟೇ ಡಿಗ್ರಿ ಎತ್ತರದಲ್ಲಿ ಇರುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರ ಇರುವವರಿಗೆ ಇದೊಂದು ತಲೆನೋವು. 13 ಡಿಗ್ರಿ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲೆ ಅಷ್ಟೇ, ಒಂದು ಸಾಧಾರಣ ಗೋಡೆ ಅದನ್ನು ನುಂಗಿಹಾಕುತ್ತದೆ. ಆ ಕಡೆಯ ಗೋಡೆ ಗಿಡ್ಡ ಮಾಡಿ, ಇಲ್ಲವೇ ಮಡಚುವ ಪಲಕ ಇಡಿ. ಮೌಂಟನ್ನು ಅಷ್ಟು ಕೆಳಗೆ ಬಾಗಿಸಲು ಬರುತ್ತದಾ, ಬಾಗಿಸಿದಾಗ ಅದರ ತೂಕ ಸರಿದೂಗಿಸುವ ಸರಳು ಕಂಬಕ್ಕೆ ತಗುಲುತ್ತದಾ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ.

ನೆಲ, ಗೋಡೆ, ಚಾವಣಿ

ನೆಲಕ್ಕೆ ಮರದ ಹಲಗೆ ನನ್ನ ಆಯ್ಕೆ. ಶಾಖ ಹಿಡಿದಿಡುವುದಿಲ್ಲ, ಕಾಲು ಕೊರೆಯುವುದಿಲ್ಲ, ಕೈಜಾರಿದ ಐಪೀಸ್ ಉಳಿಯುವ ಆಸೆಯೂ ಇರುತ್ತದೆ. ಗೋಡೆಗೂ ಮರ ಅಥವಾ ತೆಳು ಶೀಟು, ಹೊರಗೆ ಬಿಳಿ ಬಣ್ಣ. ಒಳಗಿನ ಗಾಳಿ ಹೊರಗಿನಷ್ಟೇ ತಣ್ಣಗಿರಬೇಕು. ಇಲ್ಲದಿದ್ದರೆ ಚಾವಣಿ ತೆಗೆದ ತಕ್ಷಣ ಬಿಸಿ ಗಾಳಿ ಟೆಲಿಸ್ಕೋಪಿನ ಮುಂದೆಯೇ ಏರುತ್ತದೆ. ಕೆಳಗೊಂದು ಮೇಲೊಂದು ಕಿಂಡಿ ಇಟ್ಟು ಸಣ್ಣ ಜಾಲರಿ ಬಡಿಯಿರಿ. ಸಾಧ್ಯವಾದಾಗ ನೋಡುವ ಒಂದು ಗಂಟೆ ಮುಂಚೆಯೇ ಚಾವಣಿ ತೆಗೆದಿಡಿ. ಗೋಡೆಯ ಎತ್ತರ ನಾಲ್ಕರಿಂದ ಐದು ಅಡಿ, ಒಳಗಿನ ಜಾಗ ಹತ್ತು ಅಡಿ ಚೌಕ ಇದ್ದರೆ ಇಬ್ಬರು ಆರಾಮಾಗಿ ಓಡಾಡಬಹುದು. ಮೊಟಕು ಕೊಳವೆಯ ಟೆಲಿಸ್ಕೋಪಾದರೆ ಎಂಟು ಅಡಿಯೂ ನಡೆಯುತ್ತದೆ.

ಗುಮ್ಮಟ ಇದ್ದರೇನೇ ವೀಕ್ಷಣಾಲಯ ಅಂತ ಸುಮಾರು ಜನರ ಮನಸ್ಸಿನಲ್ಲಿದೆ. ವಿಲಿಯಂ ಹರ್ಷಲ್ 1781ರ ಮಾರ್ಚ್ 13ರ ರಾತ್ರಿ ಯುರೇನಸ್ ಕಂಡಿದ್ದು ಇಂಗ್ಲೆಂಡಿನ ಬಾತ್‌ನಲ್ಲಿ, ತನ್ನ ಮನೆಯ ತೋಟದಿಂದ. ಅಲ್ಲಿ ಗುಮ್ಮಟ ಇರಲಿಲ್ಲ. ಗುಮ್ಮಟದ ಲಾಭ ಎರಡು: ಗಾಳಿ ತಡೆಯುತ್ತದೆ, ಬೀದಿದೀಪ ತಡೆಯುತ್ತದೆ. ಜೋರು ಗಾಳಿಯ ಜಾಗದವರು ಸಿದ್ಧ ಫೈಬರ್ ಗುಮ್ಮಟ ತಂದರೆ ತಪ್ಪಿಲ್ಲ. ಆದರೆ ಟೆಲಿಸ್ಕೋಪ್ ತಿರುಗಿದ ಹಾಗೆಲ್ಲ ಅದರ ಸೀಳನ್ನೂ ತಿರುಗಿಸುತ್ತಿರಬೇಕು, ಒಳಗಿನ ಶಾಖ ಆ ಸೀಳಿನಿಂದಲೇ ಹೊರಹೋಗಬೇಕು. ಕೈಯಾರೆ ಕಟ್ಟುವವರಿಗೆ ಜಾರುವ ಚಾವಣಿಯೇ ವಾಸಿ. ಇಡೀ ಆಕಾಶ ಒಮ್ಮೆಗೇ ತೆರೆಯುತ್ತದೆ.

ಹಳಿ ಚಾವಣಿಯ ಎರಡರಷ್ಟು ಉದ್ದ ಬೇಕು. ಅರ್ಧ ಗೋಡೆಯ ಮೇಲೆ, ಇನ್ನರ್ಧ ಹೊರಗೆ ನೆಟ್ಟ ಕಂಬಗಳ ಮೇಲೆ. ಕಬ್ಬಿಣದ ಆಂಗಲ್ಲನ್ನು ಬೆನ್ನು ಮೇಲಾಗಿ ಮಗುಚಿ ಹಾಕಿ, ಅದರ ಮೇಲೆ ನಡುವೆ ತೋಡು ಇರುವ ಗೇಟಿನ ಗಾಲಿ ಓಡಿಸಿ. ಹಾಗಿದ್ದರೆ ಎಲೆ, ಮಣ್ಣು ಹಳಿಯ ಮೇಲೆ ನಿಲ್ಲದೆ ಜಾರಿಹೋಗುತ್ತವೆ, ಚಾನಲ್ ಹಾಕಿದರೆ ಅದರಲ್ಲಿ ಕಸ ತುಂಬಿ ಗಾಲಿ ಸಿಕ್ಕಿಕೊಳ್ಳುತ್ತದೆ. ಚಾವಣಿ ಯಾವ ಕಡೆ ಸರಿಯಬೇಕು? ನಿಮ್ಮ ಮನೆಯ ಕಡೆಗೋ ಬೀದಿದೀಪದ ಕಡೆಗೋ ಸರಿದರೆ ಅದೇ ಒಂದು ಮರೆಯೂ ಆಗುತ್ತದೆ. ಚಾವಣಿ ಹಗುರ ಇದ್ದಷ್ಟೂ ತಳ್ಳಲು ಸುಲಭ, ಆದರೆ ಬಿರುಗಾಳಿ ಅದನ್ನು ಎತ್ತಿಕೊಂಡು ಹೋಗಲೂ ಅಷ್ಟೇ ಸುಲಭ. ಅದಕ್ಕೇ ನಾಲ್ಕೂ ಮೂಲೆಗೆ ಕೆಳಕ್ಕೆ ಬಿಗಿಯುವ ಕೊಂಡಿ ಬೇಕೇಬೇಕು, ಮುಚ್ಚಿದ್ದಾಗಲೂ ತೆರೆದಿದ್ದಾಗಲೂ. ಮೋಟಾರ್ ಹಾಕುವವರು ಟೆಲಿಸ್ಕೋಪ್ ಮಲಗಿದ್ದರೆ ಮಾತ್ರ ಚಾವಣಿ ಓಡುವ ಹಾಗೆ ಸ್ವಿಚ್ಚು ಜೋಡಿಸಿ. ನಿಂತಿರುವ ಟೆಲಿಸ್ಕೋಪಿಗೆ ಚಾವಣಿ ಬಡಿದರೆ ಎರಡೂ ಹೋದ ಹಾಗೆ.

ಕರೆಂಟು, ತೇವ, ಬಿಸಿಲು

ವೈರನ್ನು ನೆಲದಡಿ ಪೈಪಿನಲ್ಲಿ ತನ್ನಿ, ಅರ್ತಿಂಗ್ ಸರಿ ಇರಲಿ, ಕರೆಂಟು 30 ಮಿಲಿಆಂಪ್ ಸೋರಿದರೆ ಕಡಿಯುವ ಬ್ರೇಕರ್ ಹಾಕಿಸಿ. ಇಬ್ಬನಿಯಲ್ಲಿ ಒದ್ದೆ ಕೈಯಲ್ಲಿ ಕತ್ತಲಲ್ಲಿ ಮಾಡುವ ಕೆಲಸ ಇದು, ಹಾಗಾಗಿ ಇದನ್ನು ಎಲೆಕ್ಟ್ರಿಷಿಯನ್ನಿಗೇ ಬಿಡಿ. ಮೌಂಟಿಗೆ, ಹೀಟರಿಗೆ 12 ವೋಲ್ಟ್ ಸಾಕು. ಗುಡುಗು ಸಿಡಿಲಿನ ಸೂಚನೆ ಕಂಡರೆ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಎಳೆದಿಡಿ. ಒಳಗೆ ಮಂದ ಕೆಂಪು ದೀಪ ಮಾತ್ರ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ, ಫೋನಿನ ಒಂದು ಬಿಳಿ ಮಿಂಚು ಅಷ್ಟನ್ನೂ ಹಾಳುಮಾಡುತ್ತದೆ.

ಲೆನ್ಸಿಗೆ ಮಳೆಗಿಂತ ದೊಡ್ಡ ಶತ್ರು ತೇವ. ಮಂಜು ಹಿಡಿದ ಗಾಜನ್ನು ಹಾಗೇ ಮುಚ್ಚಿಟ್ಟರೆ ಫಂಗಸ್ ಗ್ಯಾರಂಟಿ. ಮೊದಲು ಒಣಗಿಸಿ, ಆಮೇಲೆ ಮುಚ್ಚಳ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಗಾಳಿಯಾಡುವ ಬಟ್ಟೆ ಹೊದಿಸಿ. ನೋಡುವಾಗ ಗಾಜಿನ ಸುತ್ತ ಡ್ಯೂ ಹೀಟರ್ ಪಟ್ಟಿ ಸುತ್ತಿದರೆ ಇಬ್ಬನಿ ಕೂರುವುದಿಲ್ಲ. ಹಗಲು ಚಾವಣಿ ತೆಗೆಯುವಾಗ ಟೆಲಿಸ್ಕೋಪಿನ ಮುಚ್ಚಳ, ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಫೈಂಡರಿನ ಮುಚ್ಚಳ ಎರಡೂ ಹಾಕಿವೆಯಾ ಅಂತ ನೋಡಿ. ಸೂರ್ಯನ ಬೆಳಕು ಒಳಹೊಕ್ಕರೆ ಬೆಂಕಿ ಹೊತ್ತಿಕೊಳ್ಳಬಹುದು, ಯಾರಾದರೂ ಕಣ್ಣಿಟ್ಟರೆ ದೃಷ್ಟಿಯೇ ಹೋಗಬಹುದು.

ಮೊದಲ ಹೊಂದಿಕೆ

ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಮ್ಮಿ ದೂರದಲ್ಲಿದೆ. ಹಾಗಾಗಿ ಅದಕ್ಕೆ ಗುರಿಯಿಟ್ಟರೆ ಶುರುಮಾಡಲು ಸಾಕು, ಫೋಟೋಗೆ ಸಾಲದು. ಶಾಶ್ವತ ಕಂಬ ಇರುವುದರಿಂದ ಒಂದು ರಾತ್ರಿಯನ್ನು ಡ್ರಿಫ್ಟ್ ವಿಧಾನಕ್ಕೆ, ಅಂದರೆ ನಕ್ಷತ್ರ ಯಾವ ಕಡೆ ಸರಿಯುತ್ತದೆ ಅಂತ ನೋಡಿ ಅಕ್ಷ ತಿದ್ದುವುದಕ್ಕೆ, ಮೀಸಲಿಡಿ. ಮೋಟಾರ್ ಓಡುತ್ತಿರಲಿ. ಆಕಾಶದ ಸಮಭಾಜಕದ (ಧ್ರುವದಿಂದ 90 ಡಿಗ್ರಿ ದೂರದ ವೃತ್ತ) ಹತ್ತಿರ, ಮಧ್ಯಾಹ್ನರೇಖೆಯ (ನೆತ್ತಿಯ ಮೂಲಕ ಉತ್ತರ ದಕ್ಷಿಣ ಹೋಗುವ ಗೆರೆ) ಮೇಲೆ ಇರುವ ಒಂದು ನಕ್ಷತ್ರವನ್ನು ಗೆರೆಯಿರುವ ಐಪೀಸಿನಲ್ಲಿ ಹಿಡಿಯಿರಿ. ಅದು ಮೆಲ್ಲಗೆ ದಕ್ಷಿಣಕ್ಕೆ ಸರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ಜಾಸ್ತಿ ತಿರುಗಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಅದು ಸರಿಯಾದ ಮೇಲೆ ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ಹಿಡಿಯಿರಿ. ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಏರಿದೆ. ದಕ್ಷಿಣಾರ್ಧ ಗೋಳದವರು ಇದೆಲ್ಲವನ್ನೂ ತಿರುಗಾಮುರುಗಾ ಓದಿಕೊಳ್ಳಬೇಕು. ಪೂರ್ವ ಪಶ್ಚಿಮದ ಸರಿದಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹೊಸ ಬುನಾದಿ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಸ್ವಲ್ಪ ಕೂರುತ್ತದೆ. ಆಗ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ ಬೋಲ್ಟು ಬಿಗಿಯಿರಿ. ಹಾಗೇ ಗಾಲಿಗೆ ಗ್ರೀಸ್ ಹಾಕಿ, ಕಿಂಡಿಯ ಜಾಲರಿಯಲ್ಲಿ ಕಣಜ ಗೂಡು ಕಟ್ಟಿದೆಯಾ ನೋಡಿ. ನೋಡುವುದು ಹಗಲಲ್ಲೇ ಇರಲಿ, ಕತ್ತಲಲ್ಲಿ ಕೈಹಾಕಲು ಹೋಗಬೇಡಿ.