ವರ್ಣನೆ ಎಷ್ಟು, ಮಾತು ಎಷ್ಟು?

ನನ್ನ ಕತೆಗಳ ಕರಡನ್ನು ಮೊದಲು ಓದುವವರು ಇಬ್ಬರು. ಒಬ್ಬರಿಗೆ ವರ್ಣನೆ ಕಂಡರಾಗದು. ಮುಂದಿನ ಉದ್ಧರಣ ಚಿಹ್ನೆ ಎಲ್ಲಿದೆಯೋ ಅಲ್ಲಿಗೇ ಹಾರುತ್ತಾರೆ. ಇನ್ನೊಬ್ಬರಿಗೆ ಮಾತು ಹೆಚ್ಚಾದರೆ, ಇದು ಕತೆಯೋ ನಾಟಕವೋ ಎಂಬ ತಕರಾರು. ಇಬ್ಬರೂ ಒಳ್ಳೆಯ ಓದುಗರೇ. ಹಾಗಾಗಿ ಇಬ್ಬರನ್ನೂ ಮೆಚ್ಚಿಸುವ ಗೋಜಿಗೆ ಹೋಗದೆ ನನ್ನದೇ ಒಂದು ಕ್ರಮ ಮಾಡಿಕೊಂಡಿದ್ದೇನೆ.

ಮೊದಲು ಬರೀ ಮಾತು ಬರೆಯುತ್ತೇನೆ. ಯಾರು ಎಲ್ಲಿ ಕೂತಿದ್ದಾರೆ, ಹೊತ್ತು ಯಾವುದು, ಏನೂ ಇರುವುದಿಲ್ಲ. ಆಮೇಲೆ ಅದನ್ನು ಗಟ್ಟಿಯಾಗಿ ಓದುತ್ತಾ, ಯಾವ ಪಾತ್ರಕ್ಕೆ ಎಲ್ಲಿ ಉತ್ತರ ಕೊಡಲು ಮನಸ್ಸಿಲ್ಲವೋ ಅಲ್ಲಿ ಗುರುತು ಹಾಕುತ್ತೇನೆ. ವರ್ಣನೆಗೆ ಜಾಗ ಅದೇ.

ಇತ್ತೀಚಿನ ಕತೆಯಲ್ಲಿ ತೀರಿಕೊಂಡ ತಂದೆಯ ಮನೆಯನ್ನು ಮಾರಲು ತಮ್ಮ ಹೊರಟಿದ್ದಾನೆ.

"ಬೀಗದ ಕೈ ಎಲ್ಲಿ, ಅಕ್ಕ?"

"ಈಗಲೇ ಬೇಕೇನೋ?"

"ನಾಳೆ ಮನೆ ನೋಡಲು ಬರುತ್ತಾರೆ."

"ನನಗೊಂದು ಮಾತು ಹೇಳಬೇಕು ಎನ್ನಿಸಲಿಲ್ಲವೇ ನಿನಗೆ?"

ಕೊನೆಯ ಮಾತು ಅಕ್ಕನ ಮನಸ್ಸಿನಲ್ಲಿರುವುದು ನಿಜ. ಆದರೆ ಅವಳು ಬಾಯಿಬಿಟ್ಟು ಹೇಳುವವಳಲ್ಲ. ಅದನ್ನು ತೆಗೆದು ಹೀಗೆ ಬರೆದೆ: "ಅಕ್ಕ ಗೋಡೆ ನೋಡುತ್ತಿದ್ದಳು. ಗಡಿಯಾರ ಇಳಿಸಿದ ಕಡೆ ಸುಣ್ಣ ದುಂಡಗೆ, ಬೆಳ್ಳಗೆ ಉಳಿದಿತ್ತು. ಗಡಿಯಾರ ಆಗಲೇ ತಮ್ಮನ ಕಾರಿನಲ್ಲಿತ್ತು." ವರ್ಣನೆಯನ್ನು ಹಾರಿಸುವ ನನ್ನ ಓದುಗರು ಇದನ್ನು ಹಾರಿಸಲಿಲ್ಲ. ಅವರ ಲೆಕ್ಕದಲ್ಲಿ ಇದು ಅಕ್ಕನ ಉತ್ತರ.

ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲಿಯೊನಾರ್ಡ್ 2001ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಹತ್ತು ನಿಯಮಗಳು ಬರೆಯುವವರ ನಡುವೆ ಪ್ರಸಿದ್ಧ. ಮಾತು ಆಡಿದ್ದನ್ನು ಸೂಚಿಸಲು ತೀರಾ ಸರಳವಾದ ಕ್ರಿಯಾಪದವೊಂದೇ ಸಾಕು ಎನ್ನುವುದು ಅವುಗಳಲ್ಲಿ ಒಂದು. ಇದಕ್ಕೆ ನನ್ನ ಪೂರ್ಣ ಸಮ್ಮತಿ. ಗುಡುಗಿದ, ಉಸುರಿದಳು, ಅಬ್ಬರಿಸಿದ ಇವೆಲ್ಲ ಕಥೆಗಾರ ನಡುವೆ ಬಂದು ಮೈಕ್ ಹಿಡಿದಂತೆ. ಕನ್ನಡದಲ್ಲಂತೂ 'ಎಂದ', 'ಎಂದಳು' ಕೂಡ ಅನೇಕ ಕಡೆ ಬೇಕಾಗುವುದಿಲ್ಲ. ಇಷ್ಟು ದಿನ ಗೆಳೆಯನನ್ನು 'ನೀನು' ಎನ್ನುತ್ತಿದ್ದವನು ಜಗಳದ ನಡುವೆ ತಣ್ಣಗೆ 'ನೀವು' ಎಂದರೆ ಮುಖ ಬಿಗಿದುಕೊಂಡಿತು ಎಂದು ಬೇರೆ ಬರೆಯಬೇಕಿಲ್ಲ.

ಪಾತ್ರಗಳನ್ನು ವಿವರವಾಗಿ ವರ್ಣಿಸಬೇಡಿ ಎಂಬ ಅವರ ಇನ್ನೊಂದು ನಿಯಮವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಣ್ಣು, ಮೂಗು, ಮೈಬಣ್ಣ ಬಿಡುತ್ತೇನೆ. ಕೈ ಏನು ಮಾಡುತ್ತಿದೆ ಎಂಬುದನ್ನು ಬಿಡುವುದಿಲ್ಲ. ನಾಟಕದಲ್ಲಿ ಬರೀ ಮಾತು ನಡೆಯುತ್ತದೆ, ಏಕೆಂದರೆ ಅಲ್ಲಿ ನಟನ ಮೈ ಇದೆ. ಪುಟದ ಮೇಲೆ ಅದನ್ನು ನಾನೇ ಒದಗಿಸಬೇಕು.

ಒಂದು ಕಡೆ ಮಾತ್ರ ಉದ್ದದ ವರ್ಣನೆಗೆ ಕತ್ತರಿ ಹಾಕುವುದಿಲ್ಲ: ಪಾತ್ರವೊಂದು ಮಾತನಾಡಲು ಯಾರೂ ಇಲ್ಲದ ಜಾಗಕ್ಕೆ ಮೊದಲ ಸಲ ಕಾಲಿಟ್ಟಾಗ. ಅಲ್ಲಿ ಕಾಣುವುದೇ ಕತೆ. ಹಾರಿಸುವವರು ಹಾರಿಸಲಿ.