ಹಳೆಯ ಅಕ್ವೇರಿಯಂಗೆ ಹೊಸ ಫಿಲ್ಟರ್ ಅಳವಡಿಸುವಾಗ

ವರ್ಷಗಳಿಂದ ನೆಲೆಗೊಂಡಿರುವ ಅಕ್ವೇರಿಯಂನ ಫಿಲ್ಟರ್ ಬದಲಿಸಲು ಹೊರಟವರು ಗಮನಿಸಬೇಕಾದದ್ದೆಂದರೆ, ನೀರನ್ನು ಮೀನುಗಳಿಗೆ ಯೋಗ್ಯವಾಗಿಡುವುದು ಮೋಟಾರಿಗಿಂತ ಹೆಚ್ಚಾಗಿ ಹಳೆಯ ಸ್ಪಂಜಿನಲ್ಲೂ ಸೆರಾಮಿಕ್ ಉಂಗುರಗಳಲ್ಲೂ ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಅವು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹಳೆಯ ಫಿಲ್ಟರನ್ನು ಒಂದೇ ದಿನ ಕಿತ್ತು ಹೊಸದನ್ನು ಕೂರಿಸಿದರೆ, ನೀರು ಕಣ್ಣಿಗೆ ತಿಳಿಯಾಗಿಯೇ ಕಂಡರೂ, ಕೆಲವೇ ದಿನಗಳಲ್ಲಿ ಮೀನುಗಳು ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ಬಿಡುವುದನ್ನು ನೋಡಬೇಕಾದೀತು.

ಎರಡೂ ಫಿಲ್ಟರ್‌ಗಳನ್ನು 4ರಿಂದ 6 ವಾರ ಜೊತೆಯಾಗಿ ಓಡಿಸುವುದೇ ನನ್ನ ದೃಷ್ಟಿಯಲ್ಲಿ ಸುರಕ್ಷಿತ ದಾರಿ. ಅದಕ್ಕೆ ಜಾಗವಿಲ್ಲದಿದ್ದರೆ ಹಳೆಯ ಸ್ಪಂಜನ್ನು, ಕತ್ತರಿಸಿಯಾದರೂ ಸರಿ, ಒಣಗಲು ಬಿಡದೆ ಹೊಸ ಫಿಲ್ಟರಿನೊಳಗೆ ಸೇರಿಸಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ, ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದನ್ನು ಎರಡು ಸಲ ಮೆಲ್ಲಗೆ ಹಿಂಡಿದರೆ ಸಾಕು. ಆಗ ಹೊರಬರುವ ಕಂದು ಬಗ್ಗಡವನ್ನು ಕಂಡು ಹೇಸಿ, ಬಿಳುಪಾಗುವವರೆಗೆ ಉಜ್ಜುವವರೇ ಹೆಚ್ಚು, ಉಜ್ಜಬೇಡಿ.

ಸಾಮಾನ್ಯವಾಗಿ ಗಂಟೆಗೆ ತೊಟ್ಟಿಯ ನೀರಿನ 4ರಿಂದ 6 ಪಟ್ಟು ಹರಿವು ಸಾಕಾಗುತ್ತದೆ. ಎಂದರೆ 100 ಲೀಟರಿಗೆ 400ರಿಂದ 600 ಲೀಟರ್. ಸ್ಪಂಜು, ಉಂಗುರ ತುಂಬಿದ ಮೇಲೆ ಪೆಟ್ಟಿಗೆಯ ಮೇಲೆ ಬರೆದಷ್ಟು ಹರಿವು ಸಿಗುವುದಿಲ್ಲವಾದ್ದರಿಂದ ಸ್ವಲ್ಪ ದೊಡ್ಡದನ್ನೇ ಆರಿಸಿ. ಬಲವಾದ ಸೆಳೆತ ತಾಳಲಾರದ ಬೆಟ್ಟಾದಂತಹ (ಉದ್ದ ರೆಕ್ಕೆಯ ಫೈಟರ್ ಮೀನು) ಮೀನುಗಳಿದ್ದರೆ ಮಾತ್ರ ನೀರು ಬೀಳುವ ಕೊಳವೆಯನ್ನು ಗಾಜಿನ ಕಡೆಗೆ ತಿರುಗಿಸಿ ಸೆಳೆತ ತಗ್ಗಿಸಿ.

ಹಳೆಯದನ್ನು ತೆಗೆದ ಮೇಲೆ ಎರಡು ವಾರ ಮೇವು ಕಡಿಮೆ ಮಾಡಿ, ದಿನ ಬಿಟ್ಟು ದಿನ ಪರೀಕ್ಷಿಸಿ, ಅಮೋನಿಯಾ ಅಥವಾ ನೈಟ್ರೈಟ್ ಕಂಡ ಕೂಡಲೇ ಕ್ಲೋರಿನ್ ತೆಗೆದ ನೀರಿನಿಂದ ಕಾಲು ಭಾಗವನ್ನು ಬದಲಿಸಿ.