ಮಗುವಿಗೆ ತಕ್ಕ ಆಟದ ಸಾಧನ: ನೋಡಿ, ಅಳೆದು, ಆಮೇಲೆ ಕೊಳ್ಳಿ

ಗಾಲಿಕುರ್ಚಿಯಲ್ಲಿ ಕೂರುವ, ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ನಡೆಯುವ ಅಥವಾ ಕಣ್ಣು ಕಾಣದ ಮಗುವಿಗೆ ಆಟದ ಸಾಧನ ಕೊಡಿಸಬೇಕೆಂದು ಹೊರಟ ತಂದೆತಾಯಿ ಮೊದಲು ವಿಚಾರಿಸುವುದು, ಇಂಥ ತೊಂದರೆ ಇರುವ ಮಕ್ಕಳಿಗೆ ಏನು ಸಿಗುತ್ತದೆ ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ: ಮಗುವಿಗೆ ಇಷ್ಟವಾದ ಆಟ ಯಾವುದು, ಆ ಆಟದಲ್ಲಿ ಮಗು ಎಲ್ಲಿ ತಡೆದು ನಿಲ್ಲುತ್ತದೆ? ಒಂದೇ ಹೆಸರಿನ ತೊಂದರೆ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬನ ಕೈಯಿಂದ ಬ್ಯಾಟು ಜಾರುತ್ತದೆ. ಇನ್ನೊಬ್ಬ ಬ್ಯಾಟನ್ನು ಗಟ್ಟಿಯಾಗಿಯೇ ಹಿಡಿಯುತ್ತಾನೆ, ಆದರೆ ಚೆಂಡು ಬರುವ ವೇಗಕ್ಕೆ ಅವನ ಕೈ ಏಳುವುದಿಲ್ಲ. ಮೊದಲನೆಯವನಿಗೆ ಬೇಕಾದದ್ದು ದಪ್ಪ ಹಿಡಿಕೆ, ಎರಡನೆಯವನಿಗೆ ನಿಧಾನದ ಚೆಂಡು. ಕಾಯಿಲೆಯ ಹೆಸರು ಹೇಳಿ ಅಂಗಡಿಯಿಂದ ತಂದ ಸಾಧನ ಇವರಿಬ್ಬರಲ್ಲಿ ಒಬ್ಬನಿಗಾದರೂ ದಂಡವೇ.

ಆದ್ದರಿಂದ ಒಂದು ವಾರ ಏನನ್ನೂ ಕೊಳ್ಳದೆ, ಬೀದಿಯ ಮಕ್ಕಳ ಜೊತೆ ಮಗುವನ್ನು ಆಡಲು ಬಿಟ್ಟು ಜಗಲಿಯ ಮೇಲೆ ಕುಳಿತು ನೋಡಿರಿ. ಲಗೋರಿಯನ್ನೇ ತೆಗೆದುಕೊಂಡರೆ ಅದರೊಳಗೆ ಗುರಿ ಇಡುವುದು, ಚೆಂಡು ಎಸೆಯುವುದು, ಓಡುವುದು, ಬಗ್ಗಿ ಬಿಲ್ಲೆ ಆಯುವುದು, ಒಂದರ ಮೇಲೊಂದು ಪೇರಿಸುವುದು ಎಂಬ ಐದು ಬೇರೆ ಬೇರೆ ಕೆಲಸಗಳಿವೆ. ನಮ್ಮ ಮಗಳಿಗೆ ಹುಟ್ಟಿನಿಂದ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದ ತೊಂದರೆ ಇದ್ದು, ಕಾಲುಗಳಲ್ಲಿ ಬಲವಾಗಲಿ ಸ್ಪರ್ಶವಾಗಲಿ ಇಲ್ಲ. ಆದರೂ ಆ ಐದರಲ್ಲಿ ಅವಳನ್ನು ಹೊರಗಿಟ್ಟದ್ದು ಓಟವಲ್ಲ, ನೆಲದಿಂದ ಬಿಲ್ಲೆ ಆಯುವುದು. ಬಿಲ್ಲೆಗಳನ್ನು ಒಂದು ಮೋಟು ಸ್ಟೂಲಿನ ಮೇಲೆ ಪೇರಿಸಿ, ಅವು ಸ್ಟೂಲಿನ ಸುತ್ತಲಿನ ದೊಡ್ಡ ತಟ್ಟೆಯೊಳಗೇ ಬೀಳುವಂತೆ ಮಾಡಿದ ಮೇಲೆ ಉಳಿದದ್ದನ್ನೆಲ್ಲ ಅವಳೇ ನೋಡಿಕೊಂಡಳು. ಆ ಸಂಜೆ ನಮಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನೋಡಿ ಬರೆದಿಟ್ಟದ್ದನ್ನು ವೈದ್ಯರಿಗೆ ಇಲ್ಲವೇ ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಯಾವ ಚಲನೆ ಬೇಡ ಎಂಬುದನ್ನು ಸ್ಪಷ್ಟವಾಗಿ ಕೇಳಿಕೊಳ್ಳಿರಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುವುದರಿಂದ ಲಾಗ ಹಾಕುವುದಕ್ಕೂ ತಲೆ ಕೆಳಗಾಗಿ ನೀರಿಗೆ ಧುಮುಕುವುದಕ್ಕೂ ಮುಂಚೆ ವೈದ್ಯರ ಒಪ್ಪಿಗೆ ಬೇಕು. ಮೂರ್ಛೆರೋಗವಿರುವ ಮಗು ಈಜಬಹುದು, ಆದರೆ ಅದೊಂದೇ ಮಗುವಿಗೆಂದು ಒಬ್ಬರು ಕೈಯಳತೆಯಲ್ಲಿ ನೀರಿನಲ್ಲೇ ಇರಬೇಕು. ಗಾಳಿ ತುಂಬಿದ ತೋಳುಪಟ್ಟಿ ಆ ಒಬ್ಬರ ಬದಲಿಗೆ ಸಾಲದು. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಲ್ಯಾಟೆಕ್ಸ್ ರಬ್ಬರಿನ ಅಲರ್ಜಿ ಹೆಚ್ಚು, ಆದ್ದರಿಂದ ನಿಧಾನದ ಚೆಂಡು ಬೇಕೆಂದು ಬಲೂನು ಊದಿ ಕೊಡುವುದು ಅವರಿಗೆ ಸಲ್ಲದು. ಕಿವಿ ಕೇಳಿಸಲೆಂದು ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಗುವಿನ ತಲೆಗೆ ಪೆಟ್ಟು ಬೀಳುವಂಥ ಆಟದ ಬಗ್ಗೆಯೂ ಹೀಗೆಯೇ ವಿಚಾರಿಸಿಕೊಳ್ಳಬೇಕು.

ಮನೆಯಲ್ಲೇ ಆಗುವ ಬದಲಾವಣೆ

ಹಿಡಿತ ಸಾಲದ ಕೈಗೆ ಬ್ಯಾಟು ಅಥವಾ ರ‍್ಯಾಕೆಟ್ಟಿನ ಹಿಡಿಕೆಯನ್ನು ದಪ್ಪ ಮಾಡಬೇಕು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿದರೆ ಸಾಕು. ರಬ್ಬರು ಆಗದ ಮಗುವಿಗೆ ಹತ್ತಿಯ ಬಟ್ಟೆಯನ್ನೇ ಸುತ್ತಿ. ಬೆರಳು ಮಡಚಲಾಗದ ಮಗುವಿಗೆ ಅಂಗೈ ಸುತ್ತ ವೆಲ್ಕ್ರೋ ಪಟ್ಟಿ ಹೊಲಿಸಿ, ಹಿಡಿಕೆ ಅದರೊಳಗೆ ತೂರುವಂತೆ ಮಾಡಿಸಬಹುದು. ಆದರೆ ಮಗು ಬಿದ್ದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿಲ್ಲದ ಪಟ್ಟಿಯನ್ನು ಯಾವ ಕೈಗೂ ಕಟ್ಟಬಾರದು. ಚೆಂಡು ಬೇಗ ಬರುತ್ತದೆ ಎನಿಸಿದರೆ ಗಾಳಿ ಅರ್ಧ ಇಳಿಸಿದ ಫುಟ್‌ಬಾಲು ಅಥವಾ ಸ್ಪಂಜಿನ ಚೆಂಡು ಬಳಸಿರಿ. ಸೈಕಲ್ಲಿನ ಪೆಡಲಿನಿಂದ ಪಾದ ಜಾರುವುದಾದರೆ ಹಿಮ್ಮಡಿಗೆ ತಡೆಯಿರುವ ಅಗಲವಾದ ತಟ್ಟೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕೂರಿಸಿಕೊಡುತ್ತಾರೆ. ಆಟದ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯದೆ ಗಲಿಬಿಲಿಗೊಳ್ಳುವ ಮಗುವಿಗೆ, ಆಟಿಸಂ ಇರುವವರಲ್ಲಿ ಇದು ಹೆಚ್ಚು, ನೆಲದ ಮೇಲೆ ದಪ್ಪವಾಗಿ ಎಳೆದ ಸುಣ್ಣದ ಗೆರೆಯೇ ದೊಡ್ಡ ಸಾಧನ.

ಮಿದುಳಿನ ತೊಂದರೆಯಾದ ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದು, ಚೆಂಡನ್ನು ಎಸೆಯುವುದೇ ಸಾಧ್ಯವಿಲ್ಲದ ಮಗುವಿಗೆ ಬೊಚ್ಚಿಯಾ ಎಂಬ ಆಟ ಇದೆ. ನಮ್ಮ ಗೋಲಿಯಾಟದ ದೂರದ ನೆಂಟನೆನ್ನಬಹುದಾದ ಇದು 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಬಿಳಿಯ ಗುರಿಚೆಂಡಿನ ಹತ್ತಿರಕ್ಕೆ ಒಬ್ಬರು ಆರು ಕೆಂಪು, ಇನ್ನೊಬ್ಬರು ಆರು ನೀಲಿ ಚೆಂಡುಗಳನ್ನು ಕಳಿಸುತ್ತಾರೆ. ಎಸೆಯಲಾಗದವರು ಇಳಿಜಾರು ಹಲಗೆಯ ಮೇಲಿಂದ ಉರುಳಿಸುತ್ತಾರೆ. ಸ್ಪರ್ಧೆಯ ಚೆಂಡು ಸುಮಾರು 275 ಗ್ರಾಂ ತೂಗುತ್ತದೆ, ಸುತ್ತಳತೆ ಸುಮಾರು 27 ಸೆಂಟಿಮೀಟರ್. ತರಿಸಿಕೊಳ್ಳುವುದಾದರೆ ಚೆಂಡೂ ಹಲಗೆಯೂ ದುಬಾರಿಯೇ. ಮಗಳ ಜೊತೆ ಚಿಕಿತ್ಸೆಗೆ ಬರುತ್ತಿದ್ದ ಒಬ್ಬ ಹುಡುಗನಿಗಾಗಿ ನಾವು ಎರಡನ್ನೂ ಮನೆಯಲ್ಲೇ ಮಾಡಿದೆವು.

ಹಲಗೆಯ ಬದಲಿಗೆ, ನಾಲ್ಕಿಂಚಿನ ಪಿವಿಸಿ ಪೈಪಿನ ಐದಡಿ ತುಂಡನ್ನು ಪ್ಲಂಬರ್ ಕೈಯಲ್ಲಿ ಉದ್ದಕ್ಕೆ ಸೀಳಿಸಿದರೆ ಎರಡು ದೋಣಿಗಳು ಸಿಗುತ್ತವೆ. ಸೀಳಿದ ಅಂಚು ಬ್ಲೇಡಿನ ಹಾಗಿರುವುದರಿಂದ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಬೇಕು. ಮೇಲಿನ ತುದಿಯನ್ನು ಮಗುವಿನ ಎದೆಯ ಎತ್ತರಕ್ಕೆ ಬರುವಂತೆ ಒಂದು ಸ್ಟ್ಯಾಂಡಿಗೆ ಕಟ್ಟಿ. ಕೆಳತುದಿಯನ್ನು ನೆಲಕ್ಕೆ ಹೊಂದುವಂತೆ ಓರೆಯಾಗಿ ಕೊಯ್ಯಿರಿ, ಇಲ್ಲದಿದ್ದರೆ ಚೆಂಡು ಇಳಿಯುವಾಗ ಪುಟಿದು ದಾರಿ ತಪ್ಪುತ್ತದೆ. ಚೆಂಡಿಗೆ ಮರಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಾಲುಚೀಲದೊಳಗೆ ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 275 ಗ್ರಾಂ ತೂಗಿಸಿಕೊಂಡು, ಗುಂಡಗಾಗುವಂತೆ ಬಿಗಿದು ಹೊಲಿದೆವು. ಮೊದಲ ಸಲ ರಾಗಿ ತುಂಬಿದ್ದೆವು, ಇಲಿಗಳು ಬಂದವು. ಪೈಪಿನ ಅಂಚಿಗೆ ಹತ್ತು ಸೆಂಟಿಮೀಟರಿಗೊಂದರಂತೆ ಉಗುರುಬಣ್ಣದಲ್ಲಿ ಗೆರೆ ಹಾಕಿರಿ. ಮೂರನೆಯ ಗೆರೆಯಿಂದ ಬಿಟ್ಟ ಚೆಂಡು ಎಷ್ಟು ದೂರ ಹೋಗುತ್ತದೆ, ಐದನೆಯದರಿಂದ ಎಷ್ಟು ಎಂಬ ಲೆಕ್ಕ ಮಗುವಿನ ತಲೆಯಲ್ಲಿ ಕೂರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಈ ಆಟದ ಒಂದು ನಿಯಮವನ್ನು ಮನೆಯಲ್ಲೂ ಬಿಡದೆ ಪಾಲಿಸಬೇಕು. ಹಲಗೆಯನ್ನು ಸರಿಸಿಕೊಡುವ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿ ಕುಳಿತಿರಬೇಕು, ತಿರುಗಿ ನೋಡಬಾರದು. ಎಡಕ್ಕೋ ಬಲಕ್ಕೋ, ಯಾವ ಗೆರೆಗೆ ಎಂಬುದನ್ನು ಆಡುವವರೇ ಮಾತಿನಿಂದಲೋ ಕಣ್ಸನ್ನೆಯಿಂದಲೋ ತಿಳಿಸಬೇಕು. ತಾಯಿಯಾದವಳಿಗೆ ಇದು ಸುಲಭವಲ್ಲ, ಕೈ ತಾನಾಗಿಯೇ ಪೈಪನ್ನು ಸರಿಯಾದ ಕಡೆಗೆ ತಿರುಗಿಸಿಬಿಡುತ್ತದೆ. ತಿರುಗಿಸಿದರೆ ಆಡಿದವರು ನೀವಾಗುತ್ತೀರಿ, ಮಗುವಲ್ಲ.

ಸದ್ದು ಮಾಡುವ ಚೆಂಡು

ಅಂಧರ ಕ್ರಿಕೆಟ್ಟಿನಲ್ಲಿ ಬೇರಿಂಗ್ ಗುಂಡುಗಳನ್ನು ತುಂಬಿದ ಗಟ್ಟಿ ಪ್ಲಾಸ್ಟಿಕ್ ಚೆಂಡನ್ನು ಕೈ ಕೆಳಗಿನಿಂದ, ನೆಲಕ್ಕೆ ತಾಗಿ ಬರುವಂತೆ ಎಸೆಯುತ್ತಾರೆ. ಸ್ಟಂಪುಗಳು ಲೋಹದವು, ಬಡಿದರೆ ಕೇಳಿಸುತ್ತದೆ. ಈ ಆಟದ ರಾಷ್ಟ್ರೀಯ ಸಂಸ್ಥೆ ಇರುವುದು ಬೆಂಗಳೂರಿನಲ್ಲೇ, ಭಾರತ ತಂಡದ ನಾಯಕರಾಗಿದ್ದ ಶಿವಮೊಗ್ಗದ ಶೇಖರ್ ನಾಯಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿದೆ. ಆದ್ದರಿಂದ ಕಣ್ಣು ಕಾಣದ ಮಕ್ಕಳ ಶಾಲೆಯೊಂದರಲ್ಲಿ ವಿಚಾರಿಸಿದರೆ ಇಂಥ ಚೆಂಡು ಎಲ್ಲಿ ಸಿಗುತ್ತದೆಂದು ಹೇಳುವವರು ನಮ್ಮ ರಾಜ್ಯದಲ್ಲಿ ಸಿಕ್ಕೇ ಸಿಗುತ್ತಾರೆ. ಚಿಕ್ಕ ಮಗುವಿಗೆ ಮನೆಯಲ್ಲೇ ಮಾಡುವುದಾದರೆ ಪ್ಲಾಸ್ಟಿಕ್ ಚೆಂಡನ್ನು ಸೀಳಿ, ಹಳೆಯ ಗೆಜ್ಜೆಯ ಏಳೆಂಟು ಗುಂಡುಗಳನ್ನು ಹಾಕಿ, ಎಂ-ಸೀಲ್‌ನಿಂದ ಮುಚ್ಚಿ ಒಂದು ರಾತ್ರಿ ಒಣಗಿಸಿರಿ. ಕಣ್ಣು ಕಾಣದವರು ಆಡುವ ಗೋಲ್‌ಬಾಲ್ ಎಂಬ ಆಟದ ಗಂಟೆಚೆಂಡು 1.25 ಕಿಲೋ ತೂಗುತ್ತದೆ. ಏಳೆಂಟು ವರ್ಷದ ಮಗುವಿಗೆ ಅದನ್ನು ಮೊದಲೇ ಕೊಡಿಸಬೇಡಿ.

ಕೊಳ್ಳುವವರು ಮರೆಯುವ ಸಂಗತಿಯೊಂದಿದೆ. ಗೆಜ್ಜೆಯ ಚೆಂಡು ಉರುಳುವವರೆಗೆ ಮಾತ್ರ ಸದ್ದು ಮಾಡುತ್ತದೆ, ನಿಂತ ಕೂಡಲೇ ಮಗುವಿನ ಪಾಲಿಗೆ ಅದು ಇಲ್ಲವಾಗುತ್ತದೆ. ಆಡುವ ಜಾಗದ ಮೂರು ಕಡೆ ಗೋಡೆಯೋ ಮಣ್ಣಿನ ದಿಣ್ಣೆಯೋ ಇದ್ದರೆ ನಿಂತ ಚೆಂಡನ್ನು ಅಂಚು ಹಿಡಿದು ಹುಡುಕಬಹುದು. ಬಯಲೇ ಗತಿಯಾದರೆ ಬ್ಯಾಟರಿಯಿಂದ ನಿರಂತರ ಸದ್ದು ಮಾಡುವ ಚೆಂಡಿಗೆ ಹಣ ಹಾಕುವುದು ಸಾರ್ಥಕ. ಓಟಕ್ಕಾದರೆ ಒಂದು ಗೇಣು ಮೆತ್ತನೆಯ ಹಗ್ಗದ ಎರಡೂ ತುದಿಗೆ ಕುಣಿಕೆ ಹಾಕಿ, ಒಂದನ್ನು ಮಗುವೂ ಇನ್ನೊಂದನ್ನು ಜೊತೆಗಾರನೂ ಹಿಡಿದರಾಯಿತು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಡಿದ್ದೂ ಹೀಗೆ ಮಾರ್ಗದರ್ಶಕ ಓಟಗಾರರೊಬ್ಬರ ಜೊತೆಯಲ್ಲಿಯೇ.

ಗಾಲಿಕುರ್ಚಿಯ ಅಳತೆ

ಇಲ್ಲಿ ನಾವು ಮಾಡಿದ ತಪ್ಪನ್ನು ಹೇಳಲೇಬೇಕು. ಮಗಳಿಗೆ ಏಳು ವರ್ಷವಿದ್ದಾಗ ಶಿಬಿರವೊಂದರಲ್ಲಿ ಹದಿನಾರು ಇಂಚು ಅಗಲದ ಕುರ್ಚಿಯನ್ನು ಕೊಟ್ಟರು. ಅವಳ ಸೊಂಟದ ಅಗಲ ಹನ್ನೊಂದು ಇಂಚು. ಶಾಲೆಯ ಸಮವಸ್ತ್ರ ಹೊಲಿಸುವಾಗ ಅಂಚು ಮಡಿಸಿ ಬಿಡಿಸುವವರಲ್ಲವೇ ನಾವು, ಬೆಳೆಯುವ ಮಗು ಎಂದುಕೊಂಡು ಎರಡೂ ಬದಿಗೆ ದಿಂಬು ತುರುಕಿ ಕೂರಿಸಿದೆವು. ಚಕ್ರ ಮುಟ್ಟಬೇಕಾದರೆ ಅವಳು ತೋಳುಗಳನ್ನು ಕೋಳಿಯ ರೆಕ್ಕೆಯಂತೆ ಅಗಲಿಸಬೇಕಾಗುತ್ತಿತ್ತು. ಹತ್ತು ನಿಮಿಷಕ್ಕೆ ಭುಜ ಸೋತು, ಆಟ ಬೇಡವೆನ್ನುತ್ತಿದ್ದಳು. ಅದನ್ನು ನಾವು ಸೋಮಾರಿತನವೆಂದು ಭಾವಿಸಿದೆವು.

ಅಳೆಯುವ ಕ್ರಮ ಹೀಗಿದೆ. ಮಗುವನ್ನು ಗೋಡೆಗೆ ಒರಗಿಸಿಟ್ಟ ಗಟ್ಟಿ ಬೆಂಚಿನ ಮೇಲೆ ಸೊಂಟ ಗೋಡೆಗೆ ತಾಗುವಂತೆ ಕೂರಿಸಿ, ಸೊಂಟದ ಎರಡೂ ಬದಿಗೆ ರಟ್ಟಿನ ಪುಸ್ತಕಗಳನ್ನು ನೇರವಾಗಿ ನಿಲ್ಲಿಸಿ, ಅವುಗಳ ನಡುವಿನ ಅಂತರವನ್ನು ಅಳೆಯಿರಿ: ಆಸನದ ಅಗಲ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು. ಗೋಡೆಯಿಂದ ಮಂಡಿಯ ಹಿಂಬದಿಯವರೆಗಿನ ಉದ್ದದಲ್ಲಿ ಮೂರರಿಂದ ಐದು ಸೆಂಟಿಮೀಟರ್ ಕಳೆದರೆ ಆಸನದ ಆಳ ಸಿಗುತ್ತದೆ. ಮಂಡಿಯ ಹಿಂಬದಿಯಿಂದ ಬೂಟಿನ ಹಿಮ್ಮಡಿಯವರೆಗಿನದು ಪಾದಪಟ್ಟಿಗೆ ಬೇಕಾದ ಅಳತೆ. ಆಸನದ ಮೇಲೆ ದಿಂಬು ಇಡುವುದಾದರೆ ಅದರ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುರ್ಚಿಯಲ್ಲಿ ಕೂರಿಸಿದ ಮೇಲೆ ತೋಳುಗಳನ್ನು ಇಳಿಬಿಡಲು ಹೇಳಿ: ಬೆರಳ ತುದಿ ಚಕ್ರದ ನಡುವಿನ ಅಚ್ಚಿನ ಹತ್ತಿರಕ್ಕೆ ಬಂದರೆ ಮಗು ತಾನೇ ತಳ್ಳಿಕೊಳ್ಳಬಲ್ಲದು. ಇಷ್ಟನ್ನೂ ಒಂದು ಚೀಟಿಯಲ್ಲಿ ದಿನಾಂಕದೊಂದಿಗೆ ಬರೆದು, ಶಿಬಿರಕ್ಕಾಗಲಿ ಅಂಗಡಿಗಾಗಲಿ ಹೋಗುವಾಗ ಜೊತೆಯಲ್ಲಿ ಒಯ್ಯಿರಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಎ.ಪಿ.ಡಿ. ಮುಂತಾದ, ವಿಕಲಚೇತನರಿಗಾಗಿ ದುಡಿಯುವ ಸಂಸ್ಥೆಗಳಲ್ಲಿ ಈ ಕೆಲಸ ಬಲ್ಲವರಿದ್ದಾರೆ.

ಕ್ರೀಡೆಗೆಂದೇ ಮಾಡಿದ ಕುರ್ಚಿಯ ಚಕ್ರಗಳು ಕೆಳಗೆ ಅಗಲಿಸಿ ಓರೆಯಾಗಿ ನಿಂತಿರುತ್ತವೆ. ಇದರಿಂದ ಕುರ್ಚಿ ಸರಕ್ಕನೆ ತಿರುಗುತ್ತದೆ, ಪಕ್ಕಕ್ಕೆ ಸುಲಭವಾಗಿ ಬೀಳುವುದಿಲ್ಲ, ಎರಡು ಕುರ್ಚಿಗಳು ಢಿಕ್ಕಿ ಹೊಡೆದಾಗ ಕೈ ನಡುವೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಅದೇ ಕಾರಣಕ್ಕೆ ಅದು ಮನೆಯ ಬಾಗಿಲಲ್ಲಿ ತೂರದೆ ಹೋಗಬಹುದು, ಬಾಗಿಲನ್ನೂ ಅಳೆದುಕೊಂಡು ಹೋಗಿ. ಆಟ ಹಿಡಿಸಿದೆಯೋ ಇಲ್ಲವೋ ತಿಳಿಯುವ ಮುಂಚೆ ಇದನ್ನು ಕೊಳ್ಳುವುದು ಬೇಡ. ಅಳತೆಗೆ ಸರಿಯಾದ ದಿನಬಳಕೆಯ ಕುರ್ಚಿಗೇ ಹಿಂದಕ್ಕೆ ಮಗುಚದಂತೆ ತಡೆಯುವ ಚಿಕ್ಕ ಗಾಲಿ, ತೊಡೆಯ ಪಟ್ಟಿ, ಕಡ್ಡಿಗಳ ನಡುವೆ ಬೆರಳು ಹೋಗದಂತೆ ಪ್ಲಾಸ್ಟಿಕ್ ಹಾಳೆಯ ಮುಚ್ಚಳ ಹಾಕಿಸಿದರೆ ಒಂದೆರಡು ವರ್ಷದ ಆಟ ನಡೆದುಹೋಗುತ್ತದೆ. ಕೃತಕ ಕಾಲಿನ ಮಾತೂ ಹೀಗೆಯೇ. ಓಟಕ್ಕೆಂದು ಬರುವ ಬಾಗಿದ ಬ್ಲೇಡು ಆಕರ್ಷಕವಾಗಿ ಕಂಡರೂ, ಬೆಳೆಯುವ ಮಗುವಿನ ಕಾಲು ಕೂರುವ ಬಟ್ಟಲನ್ನು ಮತ್ತೆ ಮತ್ತೆ ಬದಲಿಸಬೇಕಾಗುವುದರಿಂದ ಮೊದಲು ಸಾಮಾನ್ಯ ಕೃತಕ ಕಾಲಿನಲ್ಲೇ ಓಡಿಸಿ ನೋಡುವುದು ಜಾಣತನ.

ನೆರವು ಮತ್ತು ಶಾಲೆ

ಮಗುವಿಗೆ ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದು, ಕುಟುಂಬದ ತಿಂಗಳ ಆದಾಯ 22,500 ರೂಪಾಯಿ ಮೀರದಿದ್ದರೆ ಸಾಧನದ ಪೂರ್ಣ ವೆಚ್ಚ, 30,000 ರೂಪಾಯಿಯವರೆಗಿದ್ದರೆ ಅರ್ಧ ವೆಚ್ಚ ದೊರೆಯುತ್ತದೆ. ಸಾಧನಗಳನ್ನು ತಯಾರಿಸುವ ಕಾನ್ಪುರದ ಅಲಿಮ್ಕೋ ಸಂಸ್ಥೆಯ ಘಟಕವೊಂದು ಬೆಂಗಳೂರಿನಲ್ಲೂ ಇದೆ. ಒಮ್ಮೆ ಪಡೆದ ಸಾಧನವನ್ನು ಮತ್ತೆ ಕೇಳಲು ಮೂರು ವರ್ಷ ಕಾಯಬೇಕೆಂಬ ನಿಯಮ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ಚಿಕ್ಕದಾದ ಕುರ್ಚಿಯಲ್ಲೇ ಮಗುವನ್ನು ಕೂರಿಸಿಕೊಂಡಿರುವ ಮನೆಗಳಿವೆ. ಹಳ್ಳಿಯಲ್ಲಿರುವವರು ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ತೆಗೆದಿಡುವ ಶೇ 5ರ ಅನುದಾನದಲ್ಲಿ ಏನಾಗಬಹುದೆಂದು ಕೇಳಿ, ಅರ್ಜಿಯನ್ನು ಗ್ರಾಮಸಭೆಯಲ್ಲೇ ಕೊಡುವುದು ಒಳ್ಳೆಯದು. ಅರ್ಜಿಯಲ್ಲಿ ಬರಿದೇ ಗಾಲಿಕುರ್ಚಿ ಎಂದು ಬರೆಯದೆ ಅಳತೆಯನ್ನೂ ನಮೂದಿಸಿರಿ.

ಶಾಲೆಯಲ್ಲಿ ಆಟದ ಪೀರಿಯಡ್ ಬಂದಾಗ ಇಂಥ ಮಕ್ಕಳಿಗೆ ಸಿಗುವ ಕೆಲಸ ಸ್ಕೋರ್ ಬರೆಯುವುದು, ಇಲ್ಲವೇ ಉಳಿದವರ ಚಪ್ಪಲಿ ಕಾಯುವುದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 16ನೆಯ ಕಲಮು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಇತರರಿಗೆ ಸಮನಾಗಿ ಕ್ರೀಡೆಯ ಅವಕಾಶ ಇರಬೇಕೆನ್ನುತ್ತದೆ. ಇದನ್ನು ಉಲ್ಲೇಖಿಸಿ ಮುಖ್ಯ ಶಿಕ್ಷಕರಿಗೆ ಪತ್ರ ಬರೆಯಬಹುದು. ಆದರೆ ನನ್ನ ಅನುಭವದಲ್ಲಿ ಪತ್ರಕ್ಕಿಂತ ಬೇಗ ಕೆಲಸ ಮಾಡುವುದು, ಮನೆಯಲ್ಲಿ ಮಾಡಿದ ಸಾಧನವನ್ನು ಒಂದು ದಿನ ಶಾಲೆಗೆ ಒಯ್ದು ದೈಹಿಕ ಶಿಕ್ಷಕರ ಕೈಯಲ್ಲೇ ಆಡಿಸುವುದು. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನೂ ಆ ದಿನ ಕರೆಯಿರಿ. ಬುದ್ಧಿಮಾಂದ್ಯ ಮಕ್ಕಳಾದರೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಸಂಸ್ಥೆಯ ಸ್ಪರ್ಧೆಗಳಿಗೆ ಎಂಟು ವರ್ಷದಿಂದ ಸೇರಬಹುದು.

ಹೊಸ ಪಟ್ಟಿ, ಹೊಸ ಆಸನ, ಹೊಸ ಕ್ಯಾಲಿಪರ್ ಯಾವುದೇ ಆಗಲಿ, ಮೊದಲ ದಿನ ಹದಿನೈದು ನಿಮಿಷಕ್ಕಿಂತ ಹೆಚ್ಚು ಆಡಿಸಬೇಡಿ. ಬಿಚ್ಚಿದ ಮೇಲೆ ಚರ್ಮವನ್ನು ನೋಡಿ. ಕೆಂಪಾದ ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಸರಿಪಡಿಸುವವರೆಗೆ ಆ ಸಾಧನವನ್ನು ಬಳಸಬಾರದು. ಸ್ಪರ್ಶಜ್ಞಾನವಿಲ್ಲದ ಮಗು ನೋವೆಂದು ಹೇಳುವುದಿಲ್ಲ, ಹುಣ್ಣಾದ ಮೇಲೆ ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು. ಆರು ತಿಂಗಳಿಗೊಮ್ಮೆ ಬೆಂಚು, ಪುಸ್ತಕ, ಟೇಪು ಹಿಡಿದು ಮತ್ತೆ ಅಳೆಯಿರಿ. ಚಿಕ್ಕದಾದ ಸಾಧನವನ್ನು ಅಟ್ಟಕ್ಕೆ ಹಾಕದೆ ಇನ್ನೊಂದು ಮನೆಗೆ ಕೊಡುವಾಗ ಅದರ ಚರಿತ್ರೆಯನ್ನೂ ಬರೆದುಕೊಡಿ. ಹೋದ ವರ್ಷ ನಾವು ಕೊಟ್ಟ ಕುರ್ಚಿಯ ಹಿಂಬದಿಗೆ ಕಟ್ಟಿದ ಚೀಟಿಯಲ್ಲಿ ಹೀಗಿತ್ತು: ಆಸನದ ಅಗಲ 30 ಸೆಂ.ಮೀ., ಆಳ 28. ಬಲಗಾಲಿಯ ಬೇರಿಂಗ್ ಹೊಸದು. ಎಡಗಡೆಯ ಬ್ರೇಕು ಸ್ವಲ್ಪ ಬಿಗಿ, ಅಂಗೈಯಿಂದ ಒತ್ತಬೇಕು.